ಹೊಲಿಗೆ ಮಷೀನಿನ ಮೇಲಿಟ್ಟ ಇಂಟರ್‌ಫೇಸ್

ರಾಯದುರ್ಗದ ನಮ್ಮ ನೆರೆಮನೆಯ ಮೈಕ್‌ಸೆಟ್ಟಿನವರು ಯಾವ ಯಂತ್ರ ಬಂದರೂ ಹೆಂಡತಿ ಜೀನ್ಸ್ ಹೊಲಿಯುವ ಮಷೀನಿನ ಹಲಗೆ ಮೇಲಿಟ್ಟು, "ನಡುಗಲಿ ಬಿಡ್ರಿ, ಗಟ್ಟಿ ಯಾವುದು ಗೊತ್ತಾಗ್ತೈತಿ" ಅನ್ನುತ್ತಿದ್ದರು. ಮೈಕಿನ ದನಿಯನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೋ ಇಂಟರ್‌ಫೇಸ್ ಯಾವುದು ಕೊಳ್ಳಲೆಂದು ನಿದ್ದೆಗೆಟ್ಟಿದ್ದ ನನಗೂ ಅದೇ ಪರೀಕ್ಷೆ. ನೋಡಲು ತಂದ ಎರಡರಲ್ಲಿ ಒಂದರ ದೀಪ ಆರಿತು, ಇನ್ನೊಂದನ್ನು ಕೊಂಡೆ.

ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದ ತಂಗಿಗೆ ಮಗಳ ಮದುವೆಗೆ ಅವ್ವನ ಸೋಬಾನೆ ಪದ ಬೇಕೇ ಬೇಕಿತ್ತು. ಅವ್ವನಿಗೆ ಅಷ್ಟು ದೂರ ಹೋಗಲಾಗದು. ಮೈಕ್‌ಸೆಟ್ಟಿನವರ ಮನೆಯಲ್ಲೇ ರೆಕಾರ್ಡಿಂಗ್. ಸಪ್ಪಳ ಸೇರಬಾರದೆಂದು ಮಷೀನು ನಿಲ್ಲಿಸಿದೆವು. ದಿನಾ ಅದರ ಪಕ್ಕ ಕೂತು ದಾರ ಕತ್ತರಿಸುತ್ತಾ ಹಾಡುತ್ತಿದ್ದ ಅವ್ವನ ಬಾಯೂ ನಿಂತಿತು.

"ಸಪ್ಪಳ ಇಲ್ದ ಹೆಂಗ ಹಾಡ್ಲೋ?"

ಮೈಕ್‌ಸೆಟ್ಟಿನವರು ತಾವೇ ಕೂತು, ಬಟ್ಟೆಯಿಲ್ಲದ ಮಷೀನನ್ನು ತುಳಿಯತೊಡಗಿದರು. ಅವ್ವ ಪೂರ್ತಿ ಹಾಡಿದಳು.

ಮದುವೆಯಲ್ಲಿ ಕೇಳಿದ ಗಾರ್ಮೆಂಟ್ಸ್ ಗೆಳತಿಯರು ತಂಗಿಗೆ ಹೇಳಿದರಂತೆ: "ಪದ ಚೆಂದೈತೆ ಕಣಕ್ಕಾ. ಆ ಮಷೀನಿಗೆ ಒಸಿ ಎಣ್ಣೆ ಬಿಡಕ್ಕೆ ಹೇಳು."