ಬೀಸುಕಲ್ಲಿನ ಬಾಜೂಕ ತಿಂದ ತುತ್ತು

ನಾ ಸುಳ್ಳ ಹೇಳ್ತೇನಿ ಅಂತ ನಮ್ಮ ಇಲಕಲ್ಲಿನ ಓಣಿಗೆಲ್ಲಾ ಗೊತ್ತೈತಿ. ಗೇಣುದ್ದ ಹಾವು ಕಂಡ್ರ ಮಾರುದ್ದ ಮಾಡಿ ಹೇಳ್ತೇನಿ, ಅದು ನನ್ನ ಚಟ. ಇದರಾಗೂ ಬಸ್ಸಿನ ಸುದ್ದಿ ಸ್ವಲ್ಪ ಎಳದೇನಿ. ಉಳಿದದ್ದು... ಉಳಿದದ್ದನ್ನ ಎಳಿಯಾಕ ನಂಗ ಧೈರ್ಯ ಇಲ್ಲ. ಅದು ಖರೆ ಐತಿ.

ನಾ ಮುಲ್ಕಿ, ಅಂದ್ರ ಏಳನೇತ್ತಾ ಪಾಸಾದ ವರ್ಷ. ಬ್ಯಾಸಗಿ ಸೂಟಿ. ನಮ್ಮಪ್ಪ ಸಾಲಿ ಮಾಸ್ತರ. "ಬದಾಮಿ ಗವಿ ನೋಡೂಣು, ನಾಕ ದಿನ ಆರಾಮ ಇದ್ದು ಬರೂಣು" ಅಂದ. ಹೊಂಟವ್ರು ಅಪ್ಪ, ಅವ್ವ, ನಾ, ಮೂರು ವರ್ಷದ ನಮ್ಮ ತಂಗಿ ಸುಮಿ. ಸುಮಿ ಬಂದ್ರ ನಮ್ಮ ನಾಯಿ ಮೋತ್ಯಾನೂ ಬರಬೇಕು. ಅದರ ಕಿವಿ ಹಿಡಕೊಂಡ ಹೊರತು ಅಕಿ ಮಲಗೂದಿಲ್ಲ.

ಮೋತ್ಯಾನ್ನ ಬುಟ್ಟ್ಯಾಗ ಕುಂದರಿಸಿ, ಮ್ಯಾಲ ಅವ್ವನ ಹಳೇ ಸೀರಿ ಮುಚ್ಚಿ ಬಸ್ ಹತ್ತಿಸಿದ್ವಿ.

"ಬುಟ್ಟ್ಯಾಗ ಏನೈತಿ?" ಅಂದ ಕಂಡಕ್ಟರ.

"ಕುಂಬಳಕಾಯಿರಿ" ಅಂದೆ ನಾ.

"ಕುಂಬಳಕಾಯಿ ಬಾಲ ಅಳ್ಳಾಡಸಾಕತ್ತೈತಲ್ಲೋ, ಮಗನ."

ಬಸ್ಸೆಲ್ಲಾ ನಕ್ಕಿತು. ಅಷ್ಟರಾಗ ಕುಂಬಳಕಾಯಿ ಮುಂದಿನ ಸೀಟಿನ ಸಾಹುಕಾರನ ಹೊಸಾ ಮೆಟ್ಟಿನ ಮ್ಯಾಲ ಎರಡ ದಿನದ ಊಟ ಕಕ್ಕಿತು. ಅದರಾಗ ಒಂದು ಇಲಿ ಬಾಲ ಇತ್ತು. ಇಷ್ಟಕ್ಕ ನಿಮಗ ಹೇಸಿಗಿ ಬಂದ್ರ ಮುಂದ ಓದಬ್ಯಾಡ್ರಿ.

ಬದಾಮ್ಯಾಗ ಅಪ್ಪನ ಗೆಳ್ಯಾರೊಬ್ರ ಮನಿ ಖಾಲಿ ಬಿದ್ದಿತ್ತು. ಹೊಂಡದ ಕಡೆ ಓಣ್ಯಾಗ, ಕೆಂಪು ಕಲ್ಲಿನ ಹಳೇ ಮನಿ. ಬಾಗಲ ತಗದ ಕೂಡ್ಲೆ ಮಾರಿಗೆ ಹೊಡೀತು ನೋಡ್ರಿ ಒಂದು ವಾಸನಿ... ಬಾವಲಿ ಹಿಕ್ಕಿ, ಹಳಸಿದ ಎಣ್ಣಿ, ಮುಗ್ಗಿದ ಜ್ವಾಳ. ಅದರ ತಳಕ್ಕ ಇನ್ನೊಂದು. ಯಾರೋ ಎಲಿಅಡಿಕಿ ತಿಂದು ಬಾಯಿ ತೊಳೀದ ಮಲಗಿ ಎದ್ದಂಗ.

ಕೀಲಿ ಕೊಟ್ಟಾಕಿ ಬಾಜೂ ಮನಿ ಗುರವ್ವ, ಮುದುಕಿ. ಅಡಗಿಮನಿ ಮೂಲ್ಯಾಗಿನ ಬೀಸುಕಲ್ಲು ತೋರಿಸಿ ಅವ್ವಗ ಹೇಳಿದ್ಲು: "ತಂಗಿ, ಒಲಿ ಹಚ್ಚಿದ ದಿನ, ನೀವು ಉಣ್ಣೂಕಿಂತ ಮೊದ್ಲ ಇಲ್ಲಿ ಒಂದು ಎಡಿ ಇಡು. ಈ ಮನಿ ಹಿರೇ ಮುದುಕಿ, ಆಯಿದು ಅದು. ಓಣಿ ಹುಡುಗೂರಿಗೆಲ್ಲಾ ತಾ ರೊಟ್ಟಿ ಅಗದು, ಮೆತ್ತಗ ಮಾಡಿ, ತುತ್ತು ಬಾಯಾಗಿಟ್ಟು ಬೆಳೆಸಿದಾಕಿ. ಸತ್ತು ಭಾಳ ವರ್ಷಾತು."

"ಇಡದಿದ್ರ ಏನ್ಮಾಡ್ತಾಳ ಆಯಿ?" ಅಂತ ನಾ ಹಲ್ಲು ಕಿಸದೆ.

ಗುರವ್ವ ನಗಲಿಲ್ಲ. "ಸಿಟ್ಟ ಮಾಡೂದಿಲ್ಲ ತಮ್ಮಾ. ಎಡಿ ಇಲ್ಲ ಅಂದ್ರ ಮನ್ಯಾಗ ಕೂಳಿಲ್ಲ, ಕೂಸು ಉಪಾಸ ಐತಿ ಅಂತ ತಿಳೀತಾಳ."

ಅವತ್ತು ಸಂಜಿಮುಂದ ಅವ್ವ ಅನ್ನ ಸಾರು ಮಾಡಿ, ಊರಿಂದ ತಂದ ಗೋದಿ ಬೆಲ್ಲದ ಮಾದ್ಲಿ ಬಿಚ್ಚಿದ್ಲು. ಎಲಿ ಮ್ಯಾಲ ಒಂದು ಹಿಡಿ ಮಾದ್ಲಿ, ಮ್ಯಾಲ ತುಪ್ಪ, ಬೀಸುಕಲ್ಲಿನ ಬಾಜೂಕ ಇಟ್ಟು ಕೈ ಮುಗದು ಹೊರಗ ಹೋದ್ಲು. ನಾ ನೀರು ಕುಡಿಯಾಕ ಒಳಗ ಹೋದೆ. ತುಪ್ಪದ ವಾಸನಿ ಬಂತು... ಎಲಿ ಎತ್ತಿ ನೆಕ್ಕಿ ಇಟ್ಟೆ.

"ಎಡಿ ಯಾರು ತಿಂದ್ರು?" ಅಂದ್ಲು ಅವ್ವ.

"ಮೋತ್ಯಾ ತಿಂತಬೇ. ನಾ ನೋಡಿದೆ."

ಅವ್ವ ಕಸಬರಿಗಿ ತಗೊಂಡು ಮೋತ್ಯಾಗ ಎರಡು ಬಾರಿಸಿದ್ಲು. ಮೋತ್ಯಾ ನನ್ನ ಮಾರಿ ನೋಡ್ತು. ನಾ ಮಾಳಿಗಿ ನೋಡಿದೆ.

ರಾತ್ರಿ ನಂಗ ಎಚ್ಚರಾದದ್ದು ಸಪ್ಪಳಕ್ಕ. ಚಪ್... ಚಪ್... ಚಪ್... ಹಲ್ಲಿಲ್ಲದ ಬಾಯಿ ಏನೋ ಗಟ್ಟೀದು ಅಗಿಯಾಕತ್ತಿತ್ತು. ನಡಕ ನಡಕ ಒಸಡಿಲೆ ಚೀಪೂ ಸಪ್ಪಳ. ಮೋತ್ಯಾ ಅಂತ ಕೈ ಚಾಚಿದ್ರ, ಮೋತ್ಯಾ ನನ್ನ ಕೌದಿ ಒಳಗ ಹೊಕ್ಕು ಗಡಗಡ ನಡಗಾಕತ್ತಿತ್ತು. ನನ್ನ ಮ್ಯಾಲೆ ಉಚ್ಚಿನೂ ಹೊಯ್ದಿತ್ತು.

ಕಂದೀಲು ಸಣ್ಣಗಿತ್ತು. ಅಡಗಿಮನಿ ಬಾಗಲದಾಗಿಂದ ನೋಡಿದೆ. ಸುಮಿ ಬೀಸುಕಲ್ಲಿನ ಮುಂದ ಕುಂತಾಳ. ಬಾಯಿ ಗುಬ್ಬಿಮರಿಯಂಗ ತಗದಾಳ. ಮುಂದ ಯಾರೂ ಇಲ್ಲ. ಅವ್ವ ನನ್ನ ಹಿಂದ ಗೊರಕಿ ಹೊಡಿಯಾಕತ್ತಾಳ. ಸಪ್ಪಳ ನಿಂತಿತು... ಸುಮಿ ಗಲ್ಲ ಉಬ್ಬಿತು.

ಓಡಿಹೋಗಿ ಅಕಿ ಬಾಯಿ ಕೆಳಗ ಕೈ ಹಿಡದೆ. "ಉಗಳು, ಉಗಳವ್ವಾ." ಉಗಳಿದ್ಲು. ಅಂಗೈಯಾಗ ಬಿತ್ತು... ಜ್ವಾಳದ ರೊಟ್ಟಿ. ಅಗದು ಅಗದು ಗಂಜಿಯಾದ ರೊಟ್ಟಿ, ಎಲಿಅಡಿಕಿ ಕೆಂಪು ಹತ್ತಿದ್ದು. ಜೊಲ್ಲು ನೂಲಿನಂಗ ಇಳಿಯಾಕತ್ತಿತ್ತು. ನಡಕ ಒಂದು ಬಿಳಿ ಕೂದಲು. ಎಲ್ಲಾಕ್ಕಿಂತ ಹೇಸಿಗಿ ಏನಂದ್ರ, ಅದು ಇನ್ನೂ ಬೆಚ್ಚಗಿತ್ತು.

ಅವತ್ತು ನಮ್ಮನ್ಯಾಗ ರೊಟ್ಟಿನ ಮಾಡಿರಲಿಲ್ಲ.

ಮುಂಜಾನಿಂದ ಸುಮಿ ಅವ್ವನ ಕೈ ತುತ್ತು ಒಲ್ಲಂದ್ಲು. ಹಲ್ಲು ಕಚ್ಚಿ ಮಾರಿ ತಿರುವಿದ್ಲು. ಹಾಲು ಒಲ್ಲೆ, ಬೆಲ್ಲ ಒಲ್ಲೆ. ಮಧ್ಯಾಹ್ನದ ಹೊತ್ತಿಗೆ ಅವ್ವನ್ನ ಯಾರೋ ಅಂತ ನೋಡಾಕತ್ತಿದ್ಲು. ಊರಿಗೆ ಹೋಗೂಣು ಅಂತ ಅಪ್ಪ ಎತ್ತಿಕೊಂಡ್ರ, ಹೊಸ್ತಿಲ ದಾಟೂದ್ರಾಗ ಕಟಿಗಿಯಂಗ ಸೆಟದು, ಉಸರ ಹಿಡಿದು ಅಳಾಕತ್ತಿದ್ಲು. ಒಳಗ ಬಂದ್ರ ಸುಮ್ಮನ. ಡಾಕ್ಟರನ್ನ ಮನಿಗೆ ಕರಕೊಂಡು ಬಂದ್ವಿ. ಹೊಟ್ಟಿ ಬಡದು ನೋಡಿ ಅಂದ್ರು: "ಹೊಟ್ಟಿ ತುಂಬ ಐತಲ್ರಿ ಮಾಸ್ತರ. ಇಷ್ಟ ಏನು ತಿನ್ನಿಸೀರಿ?"

ಅವ್ವ ಸೆರಗು ಬಾಯಾಗ ತುರುಕೊಂಡ್ಲು. ಗುರವ್ವನ ಮಾತು ನೆನಸಿ ಹೊಸಾ ಎಡಿ ಇಟ್ಲು. ಅದಕ್ಕ ಇರಬಿ ಸುದ್ದ ಮುಟ್ಟಲಿಲ್ಲ.

ಗುರವ್ವ ಬಂದು ಕೇಳಿದ್ಲು. "ಮೊದಲನೇ ಎಡಿ ಯಾರು ತಿಂದ್ರು, ತಂಗಿ?"

"ನಾಯಿ ತಿಂತು ಯವ್ವಾ."

"ಯಾವ ಬಾಯಿ ಅಕಿ ಎಡಿ ತಿಂತೋ, ಆ ಬಾಯಿ ಅಕಿ ಕೈ ತುತ್ತು ತಿನ್ನಬೇಕು. ಆಗ ಅಕಿ ಕೂಸಿನ ಕೈ ಬಿಡ್ತಾಳ. ಇಲ್ಲಂದ್ರ ಈ ಕೂಸು ನಿನ್ನ ಕೈಲೆ ಇನ್ನ ಉಣ್ಣೂದಿಲ್ಲ. ನಾಯೀನ್ನ ಅಲ್ಲೆ ಕಟ್ರಿ."

ಮಂತ್ರ ತಂತ್ರ ನಂಬದ ನಮ್ಮಪ್ಪನ ಹೋಗಿ ಮೋತ್ಯಾನ್ನ ಬೀಸುಕಲ್ಲಿನ ಗೂಟಕ್ಕ ಕಟ್ಟಿದ. ಹೇಳಿಬಿಡಬೇಕು ಅಂತ ನಾ ಎರಡ ಸಲ ಬಾಯಿ ತಗದೆ. ಗವಿ ನೋಡಾಕ ಬಂದವ್ರು ಇದನ್ನ ನೋಡೂ ಹಾಂಗಾತು ನನ್ನಿಂದ... ಎರಡೂ ಸಲ ಮುಚ್ಚಿದೆ.

ಎರಡನೇ ರಾತ್ರಿ. ಸುಮಿನ್ನ ನಡಕ ಹಾಕ್ಕೊಂಡು ಮಲಗಿದ್ದ ಅವ್ವ, ಅಪ್ಪ, ಇಬ್ರಿಗೂ ಅದ್ಯಾವ ನಿದ್ದಿ ಬಂತೋ, ಹೊಡದು ಎಬ್ಬಿಸಿದ್ರೂ ಏಳಲಿಲ್ಲ. ಮೋತ್ಯಾ ಕುಂಯ್ಗುಟ್ಟಿತು, ಹಗ್ಗ ಜಗ್ಗಿತು, ಆಮ್ಯಾಲ ಗ್ವಾಡಿಗೆ ಮಾರಿ ಹಚ್ಚಿ ಮುದ್ದಿಯಾತು. ಸುಮಿ ಎದ್ದು ಕಣ್ಣು ಮುಚ್ಚಿಕೊಂಡ ನಡದ್ಲು. ಎಲಿಅಡಿಕಿ ವಾಸನಿ ಬಂತು. ಹುಳಿ ಬಡದ ಬಾಯಿ ವಾಸನಿ...

ಚಪ್... ಚಪ್...

ನಾ ಹೋಗಿ ಸುಮಿನ್ನ ಹಿಂದ ಸರಿಸಿ ಅಕಿ ಜಾಗಾದಾಗ ಕುಂತೆ. "ಆಯಿ" ಅಂದೆ. "ಎಡಿ ನಾ ತಿಂದೇನಿ. ನಾಯಿ ಅಲ್ಲ. ಅಕಿನ್ನ ಬಿಡು."

ಅಗಿಯೂ ಸಪ್ಪಳ ನಿಂತಿತು.

ನಾ ಕಣ್ಣು ಗಟ್ಟ್ಯಾಗಿ ಮುಚ್ಚಿ ಬಾಯಿ ತಗದೆ.

ಮೊದ್ಲ ಬಂದದ್ದು ಬೆರಳು. ಮುದುಕ್ಯಾರ ಬೆರಳು, ತುದಿಗೆ ಸುಣ್ಣ, ಉಗುರು ದಪ್ಪ. ಆಮ್ಯಾಲ ಆ ತುತ್ತು, ನಾಲಿಗಿ ಮ್ಯಾಲ ಸರಕ್ಕನ ಜಾರಿತು. ಬೆಚ್ಚಗ, ಅಂಟಂಟಾಗಿ, ಇನ್ನೊಬ್ರ ಉಗುಳಿನ ತೇವದಾಗ. ನುಂಗಿದೆ. ಬೆರಳು ನನ್ನ ಕೆಳಗಿನ ತುಟಿ ಒರಸಿ, ಗಲ್ಲಕ್ಕ ಎರಡ ಸಲ ತಟ್ಟಿತು.

ಮುಂಜಾನಿ ಸುಮಿ ಅವ್ವನ ಸೆರಗು ಜಗ್ಗಿ, "ಅವ್ವಾ, ಹಸಿವಿ" ಅಂದ್ಲು. ಎರಡು ತಾಟು ಅನ್ನ ತಿಂದ್ಲು. ಅವ್ವ ಅಳಕೋತ ಮೋತ್ಯಾಗ ಹಾಲು ಹಾಕಿದ್ಲು. ನನ್ನ ನಾಯಿ ಪುಣ್ಯಾತ್ಮ ಅಂದ್ಲು. ನಾ ಹಿತ್ತಲಕ ಹೋಗಿ ಬೂದಿಲೆ ಹಲ್ಲು ತಿಕ್ಕಿದೆ, ಉಪ್ಪಿಲೆ ತಿಕ್ಕಿದೆ, ರಕ್ತ ಬರೂ ತನಕ ತಿಕ್ಕಿದೆ. ಅವತ್ತ ಮಧ್ಯಾಹ್ನ ಊರಿಗೆ ಹೊಂಟ್ವಿ. ಗವಿ ನೋಡಲಿಲ್ಲ.

ಗೆಳ್ಯಾರಿಗೆ ಇಲ್ಲೀ ತನಕ ಹೇಳ್ತೇನಿ. ಎಲ್ಲಾರೂ ಥೂ ಥೂ ಅಂತ ಉಗುಳ್ತಾರ, ನಾನೂ ಉಗುಳ್ತೇನಿ. ಯಾರಿಗೂ ಹೇಳದ ಮಾತು ಒಂದ ಉಳದೈತಿ. ಅದನ್ನ ನೆನಸಿದಾಗೆಲ್ಲಾ ನನ್ನ ಬಾಯಿ ನಂಗ ಹೇಸಿಗಿ ಆಗ್ತೈತಿ.

ಆ ರಾತ್ರಿ ತುತ್ತು ನುಂಗಿದ ಮ್ಯಾಲ, ಕತ್ತಲದಾಗ ಅಗಿಯೂ ಸಪ್ಪಳ ಮತ್ತ ಚಾಲೂ ಆತು... ನಾ ಏಳಲಿಲ್ಲ. ಬಾಯಿ ತಗದು ಕುಂತಿದ್ದೆ.