ಮಾರಕ್ಕ ಹಾಸಿದ ಕಂಬಳಿ

ಮಾರಕ್ಕನ ಬಾಯಿಗೆ ಸಿಕ್ಕವರು ಹೇಗೋ ಬದುಕಿ ಬರುತ್ತಿದ್ದರು. ಕೈಗೆ ಸಿಕ್ಕರೆ ಏನಾಗುತ್ತದೆಂದು ಹೇಳಬೇಕಾದವನು ಆಕೆಯ ಗಂಡ, ಅವನೀಗ ಇಲ್ಲ. ಹದಿನೈದಕ್ಕೆ ಮದುವೆಯಾಗಿ ಬುಕ್ಕಾಪಟ್ಟಣದಾಚೆಯ ಕುರಿಗಾರರ ಹಟ್ಟಿಗೆ ಬಂದವಳು ಹತ್ತು ವರ್ಷ ದಿನಾ ಏಟು ತಿಂದಳು. ಹನ್ನೊಂದನೇ ವರ್ಷ, ಮೆಣಸಿನಕಾಯಿ ಕುಟ್ಟುತ್ತಿದ್ದ ಒನಕೆಯನ್ನೇ ಎತ್ತಿ ಗಂಡನ ಮುಂಗೈ ಮುರಿದಳು. ಅಂದಿನಿಂದ ಆತ ಕೈ ಎತ್ತಲಿಲ್ಲ. ಹಟ್ಟಿ ಆಕೆಯನ್ನು ಗಂಡುಬೀರಿ ಎಂದಿತು. ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡಿದವನು ಮಗ ಅಂಜಿನಮೂರ್ತಿ. ಹೊಡೆದರೆ ಮಾತು ನಡೆಯುತ್ತದೆ ಎಂಬುದಷ್ಟೇ ಅವನು ಕಲಿತ ಪಾಠ.

ಮೂರು ವರ್ಷದ ಹಿಂದೆ ಪಾವಗಡದ ಕಡೆಯಿಂದ ಒಬ್ಬ ಮುದುಕ ನಡೆದು ಬಂದ. ಆಡುವುದು ಅರ್ಧ ತೆಲುಗು, ಅರ್ಧ ಗೊಣಗಾಟ. ಊರು ಕೇಳಿದರೆ ನಗುತ್ತಿದ್ದ, ಹೆಸರು ಕೇಳಿದರೆ ಕೈ ಮುಗಿಯುತ್ತಿದ್ದ. ಎಲ್ಲರೂ ತೆಲುಗಜ್ಜ ಎಂದು ಕರೆದರು. ಮುದ್ದೆ ಕೊಟ್ಟವರುಂಟು, ಹಳೇ ಅಂಗಿ ಕೊಟ್ಟವರುಂಟು, ಸೂರು ಕೊಟ್ಟವರು ಮಾತ್ರ ಒಬ್ಬರೂ ಇಲ್ಲ. ಹಟ್ಟಿಯ ನಡುವೆ ಸರ್ಕಾರದ ದುಡ್ಡಲ್ಲಿ ಕಟ್ಟಿದ ಸಮುದಾಯ ಭವನವಿತ್ತು. ವರ್ಷಕ್ಕೆ ನಾಲ್ಕು ಮದುವೆ ಬಿಟ್ಟರೆ ಅದಕ್ಕೆ ಸದಾ ಬೀಗ. ಬೀಗದ ಕೈ ಹಟ್ಟಿಯ ಹಿರಿಯ ಜಯರಾಮಯ್ಯನ ಸೊಂಟದಲ್ಲಿ.

ಈ ಸಲ ಚಳಿ ಜೋರಾದಾಗ ಮಾರಕ್ಕ ಅವನ ಬಾಗಿಲಿಗೆ ಹೋದಳು. “ಜಯರಾಮಣ್ಣ, ಚಳಿ ಕಳೆಯೋಗಂಟ ಆ ಮುದುಕುನ್ನ ಭವನದೊಳಕ್ಕೆ ಬುಡು.”

“ಇವತ್ತು ಒಬ್ಬುನ್ನ ಬುಟ್ರೆ ನಾಳೆ ಸಿರಾ ಬಸ್ ಸ್ಟ್ಯಾಂಡಿನೋರೆಲ್ಲ ಬತ್ತಾರೆ ಕಣಮ್ಮ. ಅದೇನು ಛತ್ರನಾ?”

ಮಾರಕ್ಕ ಅಜ್ಜನನ್ನು ತನ್ನ ಮನೆಯ ಕುರಿರೊಪ್ಪಕ್ಕೆ ಕರೆದೊಯ್ದಳು. “ಕುರಿ ನಡುವೆ ಬಿದ್ಕೋ ಅಜ್ಜ, ಬೆಚ್ಚಗಿರ್ತದೆ.” ಮಗನಿಗೆ ಹೇಳಲಿಲ್ಲ. ಹೇಳಿದರೆ ಕೂಗಾಡುತ್ತಾನೆ, ನಾಳೆ ಹೇಳಿದರಾಯಿತು ಎಂದುಕೊಂಡಳು. ಆ ನಾಳೆ ಮೂರು ದಿನ ಬರಲಿಲ್ಲ. ಗಂಡನಿಗೇ ಹೆದರದ ಹೆಂಗಸು ಮಗನ ಸಿಡುಕಿಗೆ ಹೆದರಿದಳು, ನೋಡಿ.

ಅದೇ ವಾರ ಹಟ್ಟಿಯಲ್ಲಿ ಎರಡು ಟಗರು ಕಳುವಾಗಿದ್ದವು. ನಾಲ್ಕನೇ ದಿನ ಬೆಳಗ್ಗೆ ಮಾರಕ್ಕ ನೀರಿಗೆ ಹೋಗಿದ್ದಾಗ ಅಂಜಿನಮೂರ್ತಿ ರೊಪ್ಪದ ಬಾಗಿಲು ತೆಗೆದ. ಕುರಿಗಳ ನಡುವಿನಿಂದ ಮುದುಕ ಎದ್ದು ಕೂತ. ಮೈಯೆಲ್ಲ ಕುರಿ ವಾಸನೆ, ಗಡ್ಡಕ್ಕೆ ಕುರಿಯ ಕೂದಲು. ಟಗರು ಕಳೆದುಕೊಂಡವರಿಗೆ ಇನ್ನೇನು ಸಾಕ್ಷಿ ಬೇಕು?

“ಕಳ್ಳ ಸಿಕ್ದ ಕಣ್ರೋ!”

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಹೇಳಿದ್ದು ಕೊಡುವ ಕೈಗೆ. ಆ ಬೆಳಗ್ಗೆ ಹಟ್ಟಿ ಅದನ್ನು ಬಡಿಯುವ ಕೈಗೆ ಬಳಸಿತು. ಮುದ್ದೆ ಕೊಟ್ಟವನೂ ಒಂದು ಏಟು ಹಾಕಿದ, ಅಂಗಿ ಕೊಟ್ಟವನು ಆ ಅಂಗಿಯನ್ನೇ ಹಿಡಿದೆಳೆದ. ಮೊದಲು ಮೊಣಕಾಲು ಹೋಯಿತು, ಆಮೇಲೆ ಪಕ್ಕೆ. ಅಂಜಿನಮೂರ್ತಿಯ ದೊಣ್ಣೆ ತಲೆಗೆ ಬಿತ್ತು. “ಚಲಿ ಅಮ್ಮಾ, ಚಲಿ” ಎಂದು ಮುದುಕ ಕೂಗುತ್ತಿದ್ದ. ಅವನ ತೆಲುಗಿನಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು ಅದೊಂದೇ, ಚಳಿ. ಆದರೂ ಯಾರ ಕೈಯೂ ನಿಲ್ಲಲಿಲ್ಲ.

ಮಾರಕ್ಕ ಬಿಂದಿಗೆ ಬಿಸುಟು, ಜನರನ್ನು ಮೊಣಕೈಯಲ್ಲಿ ತಿವಿದು ಒಳನುಗ್ಗಿದಳು. ಹೆಗಲ ಮೇಲಿದ್ದ ಗಂಡನ ಕರಿಕಂಬಳಿಯನ್ನು ಮುದುಕನ ಮೇಲೆ ಹರಡಿ, ಅದರ ಅಂಚಿನಲ್ಲಿ ಕೂತಳು. ಮಗ ಎತ್ತಿದ್ದ ದೊಣ್ಣೆ ಆಕೆಯ ಭುಜಕ್ಕೆ ಬಿತ್ತು. ಹಾಸಿದ ಕಂಬಳಿಯನ್ನು ಆ ಹಟ್ಟಿಯಲ್ಲಿ ಯಾರೂ ತುಳಿಯುವುದಿಲ್ಲ, ಅದರ ಮೇಲೆ ಕೂತವರು ಸುಳ್ಳಾಡುವುದಿಲ್ಲ. ಎಲ್ಲರೂ ಹಿಂದೆ ಸರಿದರು.

“ನಾನೇ ಕಣ್ಲಾ ಮಲಗ್ಸಿದ್ದು!” ಎಂದು ಮಾರಕ್ಕ ಚೀರಿದಳು. “ನನ್ನ ಕೇಳ್ಬಾರ್ದಾಗಿತ್ತಾ?”

ಗೂಡ್ಸ್ ಆಟೊ ಸಿರಾ ಆಸ್ಪತ್ರೆ ಮುಟ್ಟುವ ಮೊದಲೇ ತೆಲುಗಜ್ಜನ ಪ್ರಾಣ ಹೋಯಿತು.

ಪೊಲೀಸರು ಬರುವಷ್ಟರಲ್ಲಿ ಜಯರಾಮಯ್ಯ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದ. “ಬಂಡೆ ಮ್ಯಾಲಿಂದ ಬಿದ್ದ ಅಂದ್ಬುಡಿ. ಅಳೋಕೆ ಹಿಂದಿಲ್ಲ, ಮುಂದಿಲ್ಲ ಅವುನ್ಗೆ.” ಸೊಸೆ ಅನಸೂಯ ಮಾರಕ್ಕನ ಕಾಲು ಹಿಡಿದಳು. “ಅತ್ತೆ, ನನ್ನ ತಾಳಿ ಉಳಿಸು.”

ಹೆತ್ತವರಿಗೆ ಹೆಗ್ಗಣ ಮುದ್ದು. ಮಾರಕ್ಕನಿಗೂ ಮಗ ಮುದ್ದೇ. ಆದರೂ ರಕ್ತ ಹತ್ತಿದ ಕಂಬಳಿಯನ್ನು ಪೊಲೀಸರ ಮುಂದೆ ಹಾಸಿ ಕೂತಳು. “ಕುರಿ ಜೊತೆ ಮಲಗ್ಸಿ, ಮನೆಯೋರ್ಗೆ ಹೇಳ್ದೆ ಇದ್ದೋಳು ನಾನು. ತಲೆಗೆ ಹೊಡ್ದೋನು ನನ್ನ ಮಗ. ಭವನಕ್ಕೆ ಬೀಗ ಹಾಕ್ಕಂಡಿದ್ದೋರು ಇವ್ರೆಲ್ಲ. ಬರ್ಕಳಿ ಸ್ವಾಮಿ.”

ಜೀಪು ಮಗನನ್ನು ಹೊತ್ತೊಯ್ಯಿತು. ಅನಸೂಯ ಅತ್ತೆಯ ಪಾತ್ರೆ, ಸೀರೆ, ಒನಕೆ ಎಲ್ಲವನ್ನೂ ಬೀದಿಗೆಸೆದು ಬಾಗಿಲು ಹಾಕಿಕೊಂಡಳು. ಮಾರಕ್ಕ ಒನಕೆಯೊಂದನ್ನೇ ಎತ್ತಿಕೊಂಡು ನೇರ ಸಮುದಾಯ ಭವನಕ್ಕೆ ಹೋಗಿ, ಬೀಗವನ್ನು ಬಡಿದು ಒಡೆದು, ಒಳಗೆ ಕಂಬಳಿ ಹಾಸಿದಳು. ಜಯರಾಮಯ್ಯ ನಾಲ್ವರನ್ನು ಕಟ್ಟಿಕೊಂಡು ಬಂದ. “ಹೊಡೀರಪ್ಪ,” ಎಂದಳು ಮಾರಕ್ಕ, “ಹೆಂಗೂ ಕೈ ಪಳಗೈತಲ್ಲ.” ಅವರು ತಲೆ ತಗ್ಗಿಸಿ ಹೋದರು. ಹೊಸ ಬೀಗ ಬಂತು, ಅದನ್ನೂ ಒಡೆದಳು. ಮೂರನೆಯದನ್ನು ಯಾರೂ ತರಲಿಲ್ಲ. ಜಯರಾಮಯ್ಯ ಹೆದರಿದ್ದಂತೆಯೇ ಸಿರಾ ಬಸ್ ಸ್ಟ್ಯಾಂಡಿನಿಂದ ಒಬ್ಬ ಕುಂಟ ಬಂದ, ಇಬ್ಬರು ಮುದುಕಿಯರೂ ಬಂದರು. ಹಟ್ಟಿಯೇನೂ ಮುಳುಗಿಹೋಗಲಿಲ್ಲ.

ಮುಂದಿನ ಚಳಿಗಾಲದ ಒಂದು ಸಂಜೆ ಅಂಜಿನಮೂರ್ತಿ ಬೇಲ್ ಮೇಲೆ ಬಂದು ಭವನದ ಬಾಗಿಲಲ್ಲಿ ನಿಂತ. “ಕೋರ್ಟಲ್ಲಿ ಮಾತು ತಿರುಗಿಸವ್ವ. ಅಲ್ಲೀಗಂಟ ಅನಸೂಯ ಮನೆಗೂ ಸೇರುಸಾಕಿಲ್ಲ ಅಂತಾಳೆ.”

“ತಿರುಗ್ಸಾಕಿಲ್ಲ ಕಣ್ಲಾ,” ಎಂದಳು ಮಾರಕ್ಕ. ಆಮೇಲೆ ಸರಿದು ಗೋಡೆ ಪಕ್ಕ ಜಾಗ ಮಾಡಿದಳು. “ಅಜ್ಜ ಮಲಗ್ಬೇಕಾಗಿದ್ದ ಜಾಗ ಇದು. ಹೊರಗೆ ಚಳಿ ಐತೆ. ಬಾ, ಮಲಕ್ಕೋ.”

ಅಂಜಿನಮೂರ್ತಿ ಹೊಸ್ತಿಲಲ್ಲೇ ಕುಸಿದು ಕೂತು ಬಾಯಿಬಿಟ್ಟು ಅತ್ತ. ಒಳಗೆ ಹೋಗಲು ಅವನಿಂದ ಆಗಲಿಲ್ಲ.