ಹಿಂದೆ ಬರುವವಳಿಗೆ ಒಂದು ಕೊಡ

ನನಗಾಗ ಮೂವತ್ತೆರಡೋ ಮೂವತ್ಮೂರೋ. ನಲವತ್ತು ವರ್ಷದ ಹಿಂದಿನ ಮಾತು. ಮೊನ್ನೆ ಕಡೂರಿನಲ್ಲಿ ಆ ಕಲ್ಲು ಕಣ್ಣಿಗೆ ಬೀಳದಿದ್ದರೆ ಇದನ್ನೆಲ್ಲ ನೆನೆಯುತ್ತಲೂ ಇರಲಿಲ್ಲ.

ಹಳೆಯ ಬಸ್ ಸ್ಟ್ಯಾಂಡ್ ಒಡೆದು ಹೊಸದು ಕಟ್ಟುತ್ತಿದ್ದಾರೆ. ಮೇಲೆ ಅಂಗಡಿಗಳಂತೆ, ಕೆಳಗೆ ಬಸ್ಸಂತೆ, ಸ್ಟೇಷನ್ನು ಆಸ್ಪತ್ರೆ ಸುತ್ತಿ ಬರುವ ಸಣ್ಣ ಬಸ್ಸುಗಳನ್ನೂ ಬಿಡುತ್ತಾರಂತೆ. ಬಿಡಲಿ. ಪಾಯ ತೋಡಿ ಎತ್ತಿ ಹಾಕಿದ ಮಣ್ಣಿನ ಗುಡ್ಡೆಯಲ್ಲಿ ಬಾವಿಕಟ್ಟೆಯ ಒಂದು ಕಲ್ಲು ಮಗುಚಿ ಬಿದ್ದಿತ್ತು. ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು. ಅದರಲ್ಲಿ ನನ್ನ ಕೈಯದೂ ಒಂದಷ್ಟಿದೆ.

ಆ ಕಾಲಕ್ಕೆ ನಮ್ಮ ಸಿಂಗಟಗೆರೆ ಕಡೆಗೆ ಬೆಳಿಗ್ಗೆ ಒಂದು ಬಸ್ಸು, ಕತ್ತಲಾಗುವಾಗ ಒಂದು. ನಾನು ತೆಂಗಿನ ಕಡ್ಡಿಯ ಪೊರಕೆ ಹೊತ್ತು ಕಡೂರು ಸಂತೆಗೆ ಬರುತ್ತಿದ್ದೆ. ಪೊರಕೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಆಮೇಲೆ ಸಂಜೆಯವರೆಗೆ ಬಸ್ ಸ್ಟ್ಯಾಂಡಿನಲ್ಲಿ ಕೂತಿರಬೇಕು. ಗಂಡಸರಿಗೆ ಗೋಡೆ ಇತ್ತು. ಹೆಂಗಸರಿಗೆ ಏನೂ ಇರಲಿಲ್ಲ. ಅದಕ್ಕೇ ಕಡೂರಿಗೆ ಹೋಗುವ ದಿನ ನಾವು ನೀರು ಕುಡಿಯುತ್ತಿರಲಿಲ್ಲ. ಬಾಯಿ ಮುಕ್ಕಳಿಸಿ ಉಗಿದು ಬಸ್ಸು ಹತ್ತುವುದು. ನನಗೆ ಇದನ್ನು ಕಲಿಸಿದ್ದು ನಮ್ಮತ್ತೆ, ಅವರಿಗೆ ಅವರ ಅತ್ತೆ. ಉರಿಮೂತ್ರ ಬಂದು ನರಳಿದವರೆಷ್ಟೋ...

ಬಸ್ ಸ್ಟ್ಯಾಂಡಿನ ಬೆನ್ನಿಗೇ ಒಬ್ಬ ಹೆಂಗಸಿನ ಮನೆ. ಗಂಡ ಸತ್ತು ಒಬ್ಬಳೇ ಇದ್ದಳು. ಹಿತ್ತಿಲಿಗೆ ತಗಡಿನ ಬಾಗಿಲು. ಹಗಲೆಲ್ಲ ಅದನ್ನು ಹೆಂಗಸರಿಗೆಂದು ತೆರೆದಿಡುತ್ತಿದ್ದಳು. ಒಳಗೆ ಕಲ್ಲು ಹಾಸಿದ ಕಕ್ಕಸು, ಬಾವಿ, ತುಂಬಿದ ಒಂದು ಕೊಡ. ಹಿತ್ತಿಲಮ್ಮ ಅಂತಲೇ ನಾವು ಕರೆಯುತ್ತಿದ್ದದ್ದು. ಮೊರ ಹಿಡಿದು ಮೆಟ್ಟಿಲ ಮೇಲೆ ಕಾವಲು ಕೂತಿರುತ್ತಿದ್ದಳು. ಹೋದವಳು ಕೊಡದ ನೀರು ಬಳಸಿ, ವಾಪಸು ಬರುವಾಗ ಬಾವಿಯಿಂದ ಸೇದಿ ತುಂಬಿಟ್ಟು ಹೋಗಬೇಕು. ಕಟ್ಟಳೆ ಅದೊಂದೇ.

ಮೊದಲ ದಿನ ನಾನು ತಿಳಿಯದೆ ಹಾಗೇ ಹೊರಟೆ.

"ಏಯ್ ಪೊರಕೆಯೋಳೆ, ಕೊಡ ಯಾರು ತುಂಬ್ತಾರೆ? ನಿನ್ ಹಿಂದೆ ಬರೋಳಿಗೆ ನಿನ್ ಗಂಡ ಬಂದು ಸೇದ್ತಾನಾ?"

"ಅವ್ನು ಮನೇಲೇ ಸೇದಲ್ಲ, ಇಲ್ಲಿಗೆ ಬಂದು ಸೇದ್ತಾನಾ?" ಅಂದೆ.

ಆಯಮ್ಮ ನಕ್ಕಳು. ನಾನು ಹಗ್ಗ ಹಿಡಿದೆ. ಯಾವ ಜಾತಿ ಎಂದು ಅವಳು ಕೇಳಲಿಲ್ಲ. ಯಾರನ್ನೂ ಕೇಳುತ್ತಿರಲಿಲ್ಲ. ಆ ಕಾರಣಕ್ಕೇ ಅವಳ ನೆಂಟರು ಆ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲವಂತೆ. "ಅವ್ರಿಗೆ ಅವ್ರ ಮನೇಲಿ ಬಾವಿ ಐತೆ ಬಿಡು" ಎನ್ನುತ್ತಿದ್ದಳು. ಅಲ್ಲಿಂದ ಮುಂದೆ ಸಂತೆಯ ದಿನವೂ ನಾನು ಚೊಂಬು ತುಂಬ ನೀರು ಕುಡಿದೇ ಹೊರಡುತ್ತಿದ್ದೆ.

ಬಸ್ ಸ್ಟ್ಯಾಂಡು ಕಿಷ್ಕಿಂಧೆಯಾಗಿತ್ತು, ಬಸ್ಸು ತಿರುಗುವುದಕ್ಕೂ ಜಾಗವಿಲ್ಲ. ಅದನ್ನು ಅಗಲ ಮಾಡಿದರೆ ನಮ್ಮ ಕಡೆಗೆ ಮಧ್ಯಾಹ್ನದ ಬಸ್ಸು ಬಿಡುತ್ತೇವೆ ಅಂದರು ಬಸ್ಸಿನವರು. ಅಗಲ ಮಾಡಲು ಬೇಕಾಗಿದ್ದದ್ದು ಆಯಮ್ಮನ ಹಿತ್ತಿಲು. ಹಿತ್ತಿಲು ಬಿಡಬೇಡ, ಕೋರ್ಟಿಗೆ ಹೋದರೆ ಕೆಲಸ ವರ್ಷಗಟ್ಟಲೆ ನಿಲ್ಲುತ್ತದೆ ಎಂದು ಅಜ್ಜಂಪುರದಿಂದ ಅವಳ ಅಣ್ಣ ಬಂದು ಹೇಳಿದ್ದ. ಅದನ್ನೇ ಹೇಳಲು ನಾನೂ ಅವಳ ಹತ್ತಿರ ಹೋದೆ.

"ಕೊಡ್ಬೇಡ್ರಮ್ಮ. ನಾವೆಲ್ಲಿಗ್ ಹೋಗಾನ?"

"ಬಸ್ಸು ಬೇಕೋ ಬೇಡ್ವೋ ನಿಮ್ಗೆ?"

"ಬೇಕು."

"ಮತ್ತೆ? ಮಧ್ಯಾಹ್ನಕ್ಕೆ ಬಸ್ ಬಂದ್ರೆ ಹೊತ್ತಿಗೆ ಸರಿಯಾಗಿ ಮನೆಗೋಗಿ ನಿಮ್ ನಿಮ್ ಹಿತ್ಲಲ್ಲಿ ಹೊಯ್ಕಳ್ರೇ. ನನ್ ಹಿತ್ಲು ಯಾಕೆ? ನಿಮ್ ಕಾವಲು ಕಾದು ಕಾದು ನಂಗೂ ಸಾಕಾಗೈತೆ."

ಹೀಗೆನ್ನುತ್ತ ಮೊರದಲ್ಲಿ ಕಲ್ಲು ಆರಿಸುತ್ತಲೇ ಇದ್ದಳು. ಅಕ್ಕಿಯಲ್ಲಿ ಕಲ್ಲಿರಲಿಲ್ಲ. ನಾನು ನೋಡಿದೆ.

ಅಳೆಯಲು ಬಂದವನಿಗೆ ಆಯಮ್ಮ ಎರಡು ಮಾತು ಹೇಳಿದಳು: ಬಾವಿ ಮುಚ್ಚಬೇಡಿ, ಹೆಂಗಸರಿಗೆ ಒಂದು ಬಾಗಿಲಿಡಿ. "ಆಗ್ಲಿ ಬಿಡಿ ಅಮ್ಮ" ಅಂದ. ಆಯಮ್ಮ ರುಜು ಹಾಕಿದಳು.

ಗೋಡೆ ಬಿತ್ತು. ಬಾವಿಯ ಮೇಲೆ ಚಪ್ಪಡಿ ಎಳೆದರು, ಅದರ ಮೇಲೆ ಬಸ್ಸು ತಿರುಗಿತು. ಹೆಂಗಸರಿಗೆಂದು ಒಂದು ಕೋಣೆ ಕಟ್ಟಿ ಸುಣ್ಣ ಬಳಿದು ಬೀಗ ಜಡಿದರು. ಬೀಗದ ಕೈ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಬಸ್ಸು ಮಾತ್ರ ಬಂತು, ಸುಳ್ಳು ಹೇಳಬಾರದು. ಆ ಬಸ್ಸು ಇದ್ದದ್ದರಿಂದಲೇ ನನ್ನ ಮಗಳು ಕಡೂರಿನಲ್ಲಿ ಕಾಲೇಜು ಓದಿದಳು. ಆಯಮ್ಮ ಉಳಿದ ಮನೆಯನ್ನೂ ಕೊಟ್ಟು ತರೀಕೆರೆಗೆ, ತಂಗಿಯ ಮನೆಗೆ ಹೋದಳು.

ತರೀಕೆರೆಯಲ್ಲೇ ಒಂದು ಮದುವೆಗೆ ಹೋದಾಗ ರಸ್ತೆಯಲ್ಲಿ ಸಿಕ್ಕಳು. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ.

"ಮಧ್ಯಾಹ್ನದ ಬಸ್ ಬಿಟ್ರೇನೇ ಪೊರಕೆಯೋಳೆ?"

"ಬಿಟ್ರು."

"ಬಾಗ್ಲು?"

"ಬೀಗ ಹಾಕವ್ರೆ."

ಆಯಮ್ಮ ನನ್ನ ತುಟಿ ನೋಡಿದಳು. ಒಣಗಿ ಸಿಪ್ಪೆಯೆದ್ದಿತ್ತು. ಕೈ ಹಿಡಿದು ತಂಗಿಯ ಮನೆಗೆ ಎಳೆದುಕೊಂಡು ಹೋಗಿ, ಚೊಂಬು ಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ನಿಂತಳು. ಆಮೇಲೆ ಹಿಂದಿನ ಬಾಗಿಲು ತೋರಿಸಿದಳು. ಬರುವಾಗ ನಲ್ಲಿ ತಿರುಗಿಸಿ ಬಕೀಟು ತುಂಬಿಟ್ಟು ಬಂದೆ. ನೋಡಿದಳು...

ಅಷ್ಟೇ, ಮತ್ತೆ ಸಿಗಲಿಲ್ಲ. ಸತ್ತ ಸುದ್ದಿ ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಮೊನ್ನೆ ಆ ಕಲ್ಲಿನ ಹತ್ತಿರ ತಲೆಗೆ ಹಳದಿ ಟೋಪಿ ಹಾಕಿಕೊಂಡು ನಿಂತಿದ್ದ ಮೇಸ್ತ್ರಿಯನ್ನು ಕೇಳಿದೆ, "ಹೆಂಗಸ್ರಿಗೆ ಎಲ್ಲಿ ಮಾಡ್ತೀರಪ್ಪಾ?"

"ಪ್ಲಾನಲ್ಲೈತೆ ಅಜ್ಜಿ. ಟೈಲ್ಸ್ ಹಾಕ್ತೀವಿ."

"ಬೀಗಾನೂ ಪ್ಲಾನಲ್ಲೈತಾ?"

ಅವನು ನಕ್ಕ. ಕಲ್ಲು ಏನು ಮಾಡ್ತೀರಿ ಎಂದೆ. ಸಂಜೆ ಲಾರಿ ಬಂದು ಮಣ್ಣಿನ ಜೊತೆಗೇ ಸಾಗಿಸುತ್ತದೆ ಅಂದ. ಸುತ್ತ ಅಷ್ಟು ಜನ ಇದ್ದರು, ಅದು ಯಾರ ಬಾವಿಯ ಕಲ್ಲೆಂದು ತಿಳಿದವಳು ನಾನೊಬ್ಬಳೇ. ಗೀರಿನೊಳಗೆ ಬೆರಳಿಟ್ಟು ನೋಡಿದೆ. ನುಣ್ಣಗಿತ್ತು. ಅಷ್ಟರಲ್ಲಿ ನಮ್ಮ ಬಸ್ಸು ಬಂತು.

ಮಾರನೇ ಬೆಳಿಗ್ಗೆ ಕಣ್ಣು ತೋರಿಸಲು ಮತ್ತೆ ಕಡೂರಿಗೇ ಹೋಗಬೇಕಿತ್ತು. ಸೊಸೆ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಬಾಯಿ ಮುಕ್ಕಳಿಸಿದೆ, ಉಗಿದೆ, ಬಸ್ಸು ಹತ್ತಿದೆ.